ಎರಡೇ ಕಿಲೋಮೀಟರ್ ಅಂದೆ

ಜನವರಿಯ ಭಾನುವಾರ, ಹೊರಗೆ ಮೈನಸ್ ನಾಲ್ಕು ಡಿಗ್ರಿ ಇರುವಾಗ, ಬೆಚ್ಚಗಿನ ರಜಾಯಿ ಒದ್ದು ಎದ್ದು ಕಾಡಿನಲ್ಲಿ ಓಡಲು ಹೋಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹಿಂದೆ ನಾಯಿ ಅಟ್ಟಿಸಿಕೊಂಡು ಬಂದಿರುವುದಿಲ್ಲ, ಮುಂದೆ ಬಸ್ಸು ಹೊರಟಿರುವುದಿಲ್ಲ, ಆದರೂ ಓಡುತ್ತಾರೆ. ಅಂಥವರಲ್ಲಿ ಒಬ್ಬ ನನ್ನ ಸ್ನೇಹಿತ ಸಮೀವುಲ್ಲಾ. ಅವನ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಕೂತಿದ್ದೇನೆ. ಅವನ ಬಗ್ಗೆ ಬರೆದರೆ ನಾನು ಮಾಡಿದ ಕೆಲಸವೊಂದನ್ನೂ ಬರೆಯಬೇಕಾಗುತ್ತದೆ. ಇರಲಿ, ಬರೆಯುತ್ತೇನೆ.

ನಾನು ಯತಿರಾಜ್, ಮದ್ದೂರಿನ ಕಡೆಯವನು. ಸಮೀ ಶ್ರೀನಿವಾಸಪುರದವನು, ಮಾವಿನ ಮಂಡಿಯ ಹಿಂದಿನ ಬೀದಿಯಲ್ಲಿ ಹುಟ್ಟಿದವನು. ಇಬ್ಬರೂ ಹನ್ನೊಂದು ವರ್ಷದಿಂದ ಜರ್ಮನಿಯ ಶ್ವೀಬರ್ಡಿಂಗೆನ್‌ನಲ್ಲಿ ಎದುರುಬದುರು ಮೇಜಿನಲ್ಲಿ ಕೂತು ಕಾರಿನ ಎಲೆಕ್ಟ್ರಾನಿಕ್ಸ್ ಪರೀಕ್ಷೆ ಮಾಡುತ್ತೇವೆ. ನಾನು ಇಲ್ಲಿಗೆ ಬಂದ ಮೊದಲ ವಾರ ಮನೆ ವಿಳಾಸ ನೋಂದಾಯಿಸುವ ಆನ್‌ಮೆಲ್ಡುಂಗ್‌ಗೆ ನನ್ನ ಜೊತೆ ಬಂದು ಮೂರು ಗಂಟೆ ಬೆಂಚಿನ ಮೇಲೆ ಕೂತಿದ್ದವನು ಅವನೇ. ಆಗಿನ್ನೂ ನನಗೆ ಅವನ ಪೂರ್ತಿ ಹೆಸರು ಕೂಡ ಗೊತ್ತಿರಲಿಲ್ಲ.

ಸಮೀ ಎಲ್ಲದರಲ್ಲೂ ನಿಧಾನ. ಊಟಕ್ಕೆ ಕೂತರೆ ಕ್ಯಾಂಟೀನಿನವರು ಪಕ್ಕದ ಮೇಜು ಒರೆಸಿ, ಕುರ್ಚಿ ಎತ್ತಿಟ್ಟು, ಇವನನ್ನೇ ನೋಡುತ್ತ ನಿಂತಿರುತ್ತಾರೆ. ವೇಗಮಿತಿಯೇ ಇಲ್ಲದ ಆಟೋಬಾನ್ ಹೆದ್ದಾರಿಯಲ್ಲಿ ಎಂಬತ್ತರಲ್ಲಿ ಹೋಗುತ್ತಾನೆ. ಲಾರಿಯವರು ಹಾರ್ನ್ ಹೊಡೆದು ದಾಟಿಕೊಂಡು ಹೋಗುತ್ತಾರೆ. ನಾನು ರೇಗಿದರೆ, "ಅವರಿಗೇನು ಅರ್ಜೆಂಟೋ ಪಾಪ" ಅನ್ನುತ್ತಾನೆ. ಇಂಥವನಿಗೆ ನಲವತ್ತೆರಡನೇ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಹೊಸ್ತಿಲಿಗೆ ಬಂದು ನಿಂತಿದೆ ಎಂದು ಡಾಕ್ಟರು ಹೇಳಿದರು. ಮಧ್ಯಾಹ್ನದ ಹೊತ್ತು ಕಂಪನಿಯ ಹಿಂದಿನ ಹೊಲಗಳ ನಡುವೆ ನಡೆಯಲು ಶುರು ಮಾಡಿದ. ನಡಿಗೆ ಹೋಗಿ ಓಟವಾಯಿತು. ಓಟ ಅಂದರೆ ನಾನು ಪಕ್ಕದಲ್ಲಿ ನಡೆದು ಹೋಗಬಹುದಾದಷ್ಟು.

ಆ ವರ್ಷವೇ ಆಫೀಸಿನ ಓಟಗಾರರ ಗುಂಪು ಸ್ಟ್ರೋಂಬೆರ್ಗ್ ಗುಡ್ಡಗಳಲ್ಲಿ ನಡೆಯುವ ಚಳಿಗಾಲದ ಓಟಕ್ಕೆ ಹೆಸರು ಬರೆಸಿತು. ಸಮೀಗೆ ಇಲ್ಲ ಅನ್ನಲು ಬರುವುದಿಲ್ಲವಲ್ಲ, ಅವನ ಹೆಸರೂ ಸೇರಿತು. ಇಪ್ಪತ್ತನಾಲ್ಕು ಕಿಲೋಮೀಟರ್, ಪೂರ್ತಿ ಕಾಡುದಾರಿ, ಕಾಲಡಿ ಹಿಮ, ಹಿಮ ಇಲ್ಲದ ಕಡೆ ಗಾಜಿನಂಥ ಐಸು. ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಮುಗಿಸಿದವರ ಹೆಸರು ಪಟ್ಟಿಯಲ್ಲಿ ಬರುತ್ತದೆ. ಒಂದು ನಿಮಿಷ ತಡವಾದರೂ ಬಿಸಿ ಸೂಪು ಕೊಡುತ್ತಾರೆ, ಕೈ ಕುಲುಕುತ್ತಾರೆ, ಹೆಸರು ಮಾತ್ರ ಬರುವುದಿಲ್ಲ. ಸಮೀ ನಾಲ್ಕು ಗಂಟೆ ಮೂವತ್ತೊಂದು ನಿಮಿಷಕ್ಕೆ ಬಂದ.

ಆ ಪಟ್ಟಿಯನ್ನು ನಮ್ಮ ಕ್ಯಾಂಟೀನಿನ ಗೋಡೆಗೆ ಅಂಟಿಸಿದರು. ಮಕ್ಕಳನ್ನು ಆಫೀಸಿಗೆ ಕರೆತರುವ ದಿನ ಸಮೀಯ ಮಗಳು ಸದಫ್ ಬಂದಿದ್ದಳು, ಆಗ ಹನ್ನೊಂದು ವರ್ಷ. ಬೆರಳಿಟ್ಟು ಮೇಲಿಂದ ಕೆಳಗೆ, ಕೆಳಗಿನಿಂದ ಮೇಲೆ ಹುಡುಕಿ, "ಅಬ್ಬು, ನೀನು ಇದರಲ್ಲಿ ಇಲ್ಲವೇ ಇಲ್ಲ" ಎಂದು ಜರ್ಮನ್‌ನಲ್ಲಿ ಹೇಳಿದಳು. ಅವಳ ಮಾತಿನಲ್ಲಿ ಕೊಂಕೇನೂ ಇರಲಿಲ್ಲ, ಇದ್ದದ್ದನ್ನು ಹೇಳಿತು ಮಗು. ಸಂಜೆ ಕಾರಿನಲ್ಲಿ ಸಮೀ ನನ್ನ ಹತ್ತಿರ, "ಇಪ್ಪತ್ತನಾಲ್ಕು ಕಿಲೋಮೀಟರ್ ಓಡಿದೀನಿ ಯತಿ. ಓಡೇ ಇಲ್ಲ ಅನ್ನೋ ಥರ ಆಯ್ತಲ್ಲ" ಅಂದ. ಅವನಿಗೆ ತುಂಬಾ ನೋವಾಗಿತ್ತು. ಅಂದಿನಿಂದ ಆ ಪಟ್ಟಿಯಲ್ಲಿ ಒಮ್ಮೆ ತನ್ನ ಹೆಸರು ಕಾಣಬೇಕು ಅನ್ನುವುದೊಂದೇ ಅವನಿಗೆ ಹುಚ್ಚು. ಎರಡನೇ ವರ್ಷ ಹದಿನೇಳು ನಿಮಿಷ ತಡ, ಮೂರನೇ ವರ್ಷ ಒಂಬತ್ತು, ಹೋದ ವರ್ಷ ಮೂರು.

ಈ ವರ್ಷ ಆಗಿಯೇ ಆಗುತ್ತದೆ ಎಂದು ನಮಗೆಲ್ಲ ಅನ್ನಿಸಿತ್ತು. ನವೆಂಬರಿನಿಂದ ಒಂದು ದಿನವೂ ಬಿಟ್ಟಿರಲಿಲ್ಲ ಅವನು. ಬಿರಿಯಾನಿಯಲ್ಲಿ ಅನ್ನ ಬದಿಗಿಟ್ಟು ಬರೀ ಸೌತೆಕಾಯಿ ತಿನ್ನುವ ಮನುಷ್ಯನನ್ನು ನೋಡಿ ನನಗೇ ಕಣ್ಣಲ್ಲಿ ನೀರು ಬರುತ್ತಿತ್ತು. ನನ್ನ ಹೆಂಡತಿ ನಿಶ್ಚಿತಾ, "ನಿಮ್ಮ ಕೈಲಿ ಓಡೋಕಂತೂ ಆಗಲ್ಲ, ಹೋಗಿ ಟೀ ಆದ್ರೂ ಹಂಚಿ" ಎಂದು ನನ್ನನ್ನು ದಬ್ಬಿದಳು. ಓಟ ನಡೆಸುವ ಫೆರಾಯ್ನ್‌ನವರು, ಅಂದರೆ ಆ ಊರಿನ ಸಂಘದವರು, ಕೊನೆಯ ಟೀ ಮೇಜಿಗೆ ನನ್ನನ್ನು ಹಾಕಿದರು. ನನ್ನ ಜೊತೆಗೆ ಹೋಲ್ಗರ್ ಎಂಬ ನಿವೃತ್ತ ಪೋಸ್ಟ್‌ಮ್ಯಾನ್.

ಬೆಳಿಗ್ಗೆ ಟೀ ಹಂಚುವವರನ್ನೆಲ್ಲ ಸೇರಿಸಿ ಒಂದು ವಿಷಯ ಹೇಳಿದರು. ಬಿರುಗಾಳಿಗೆ ಮರಗಳು ಉರುಳಿದ್ದರಿಂದ ಕೊನೆಯ ದಾರಿ ಬದಲಾಗಿದೆ, ಒಟ್ಟು ದೂರ ಅಷ್ಟೇ, ಟೀ ಮೇಜು ಮಾತ್ರ ಹಿಂದಕ್ಕೆ ಸರಿದಿದೆ; ಪ್ರತಿ ವರ್ಷ ಕೊನೆಯ ಟೀ ಮೇಜಿನಿಂದ ಮುಗಿಯುವ ಗೆರೆಗೆ ಎರಡು ಕಿಲೋಮೀಟರ್ ಇರುತ್ತಿತ್ತು, ಈ ಸಲ ಐದೂವರೆ. ಹೋಲ್ಗರ್ ಅದನ್ನು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಂಡ. ನಾನು ಬರೆದುಕೊಳ್ಳಲಿಲ್ಲ, ಆದರೆ ಸರಿಯಾಗಿ ಕೇಳಿಸಿಕೊಂಡಿದ್ದೆ. ಓಟಗಾರರು ಆಗ ಮೈ ಬಿಸಿ ಮಾಡಿಕೊಳ್ಳುತ್ತ ಮೈದಾನದ ಆ ತುದಿಯಲ್ಲಿದ್ದರು; ಸಮೀ ಅಂತೂ ಇಂಥದ್ದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

ಹತ್ತಕ್ಕೆ ಓಟ ಹೊರಟಿತು, ಮಧ್ಯಾಹ್ನ ಎರಡಕ್ಕೆ ಗಡುವು. ಹನ್ನೆರಡು ಐವತ್ತಕ್ಕೆ ಕಾಡಿನ ತಿರುವಿನಲ್ಲಿ ಅವನ ಹಳದಿ ಟೋಪಿ ಕಂಡಿತು. ಹತ್ತಿರ ಬಂದಾಗ ಮುಖ ನೋಡಿ ನನಗೆ ಅಯ್ಯೋ ಅನ್ನಿಸಿತು. ಗಡ್ಡದಲ್ಲಿ ಬಿಳೀ ಐಸು ಕಟ್ಟಿತ್ತು, ತುಟಿ ನೀಲಿಯಾಗಿತ್ತು, ಕಣ್ಣಿಂದ ನೀರು ಸುರಿಯುತ್ತಿತ್ತು. ಮೇಜಿಗೆ ಎರಡೂ ಕೈ ಊರಿ ನಿಂತುಕೊಂಡ.

"ಯತಿ, ಇನ್ನೆಷ್ಟು?" ಅಂದ.

ನಮ್ಮ ಕಡೆ ದಾರಿ ಕೇಳಿದವರಿಗೆ ಯಾರೂ ದೂರ ಹೇಳುವುದಿಲ್ಲ. "ಇಲ್ಲೇ" ಅನ್ನುತ್ತಾರೆ. "ಒಂದು ಬೀಡಿ ಸೇದೋಷ್ಟರಲ್ಲಿ ಬಂತು" ಅನ್ನುತ್ತಾರೆ. ಕೇಳುವವನು ಬಿಸಿಲಲ್ಲಿ ಬಂದಿರುತ್ತಾನೆ, ತಲೆಯ ಮೇಲೆ ಮೂಟೆ ಇರುತ್ತದೆ. ಇನ್ನೂ ಆರು ಮೈಲಿ ಅಂದರೆ ಅಲ್ಲೇ ಕುಸಿದು ಕೂರುತ್ತಾನೆ, ಇಲ್ಲೇ ಅಂದರೆ ಹೆಜ್ಜೆ ಎತ್ತಿಡುತ್ತಾನೆ. ನಾನು ಬೆಳೆದದ್ದೇ ಹಾಗೆ. ಜರ್ಮನಿಗೆ ಬಂದು ಹನ್ನೊಂದು ವರ್ಷವಾದರೂ ಬಾಯಿ ಮದ್ದೂರಿನದೇ.

"ಇಲ್ಲೇ ಗುರು! ಎರಡೇ ಕಿಲೋಮೀಟರ್. ಮುಗೀತು ಅಂದ್ಕೋ."

"ಎರಡೇನಾ? ನನ್ನ ವಾಚ್ ಚಳಿಗೆ ಸತ್ತೋಗಿದೆ. ಟೈಮ್ ಎಷ್ಟೀಗ?"

"ಹನ್ನೆರಡು ಐವತ್ತು."

ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ನೋಡನೋಡುತ್ತ ಮುಖ ಅರಳಿತು. "ಎಪ್ಪತ್ತು ನಿಮಿಷ ಇದೆ! ಎರಡು ಕಿಲೋಮೀಟರಿಗೆ! ಯತಿ, ಈ ಸಲ ಆಗೋಯ್ತು ಕಣೋ. ಅಲ್ಹಮ್ದುಲಿಲ್ಲಾ!" ಎಂದು ಬೆಂಚಿನ ಮೇಲೆ ಕೂತೇ ಬಿಟ್ಟ. ಟೀ ಕುಡಿದ. ಇನ್ನೊಂದು ಕುಡಿದ. ಬಾಳೆಹಣ್ಣು ಸುಲಿದು ನಿಧಾನವಾಗಿ ತಿಂದ, ನಮ್ಮ ಕ್ಯಾಂಟೀನಿನಲ್ಲಿ ತಿನ್ನುವ ಹಾಗೆಯೇ. ಆಗಲೇ ಹೇಳಬಹುದಿತ್ತು ನಾನು. ಆ ಖುಷಿ ನೋಡಿ ಬಾಯಿ ಬರಲಿಲ್ಲ. ಇನ್ನೇನು ಎದ್ದು ಓಡುತ್ತಾನೆ, ಓಡಿದರೆ ಹೇಗೂ ಟೈಮಿಗೆ ಮುಟ್ಟುತ್ತಾನೆ ಎಂದುಕೊಂಡೆ. ಎಂಟು ನಿಮಿಷ ಕೂತಿದ್ದು ಎದ್ದ. ಓಡಲಿಲ್ಲ. ಕೈ ಬೀಸಿಕೊಂಡು, ಸಂಜೆ ವಾಕಿಂಗಿಗೆ ಹೊರಟವನ ಹಾಗೆ ನಡೆದು ಹೋದ.

ಹೋಲ್ಗರ್ ಲೋಟಗಳನ್ನು ಜೋಡಿಸುತ್ತ, "ನಿನ್ನ ಗೆಳೆಯ ಯಾಕೆ ನಡೆಯುತ್ತಿದ್ದಾನೆ? ಇನ್ನೂ ಐದೂವರೆ ಇದೆ, ಅದರಲ್ಲಿ ಒಂದು ದೊಡ್ಡ ಏರು" ಅಂದ.

"ನಾನು ಎರಡು ಅಂದೆ" ಅಂದೆ.

"ಯಾಕೆ?"

"ಧೈರ್ಯ ಬರಲಿ ಅಂತ."

ಹೋಲ್ಗರ್ ಜೇಬಿನಿಂದ ಚೀಟಿ ತೆಗೆದು ಓದಿ, ಮತ್ತೆ ಮಡಿಚಿ ಇಟ್ಟುಕೊಂಡ. ಬೈಯಲಿಲ್ಲ ಪುಣ್ಯಾತ್ಮ. "ಆದರೆ ಅದು ಐದೂವರೆ" ಎಂದಷ್ಟೇ ಅಂದ. ಸಮೀಯ ಫೋನು ಸ್ಟಾರ್ಟಿನ ಹತ್ತಿರ ಕಾಯುತ್ತಿದ್ದ ಮಗಳ ಕೈಯಲ್ಲಿತ್ತು. ಹೋಗಿ ಹೇಳದೆ ಬೇರೆ ದಾರಿಯಿರಲಿಲ್ಲ.

ಹೊರಟೆ. ಉದ್ದನೆಯ ಕೋಟು, ಕಾಲಲ್ಲಿ ಹಿಮದಲ್ಲಿ ನಿಲ್ಲಲು ಹಾಕಿಕೊಂಡಿದ್ದ ಎರಡೆರಡು ಕೆಜಿಯ ಬೂಟು. ನೂರು ಹೆಜ್ಜೆ ಓಡಿದ್ದಕ್ಕೇ ಜೀವ ಬಾಯಿಗೆ ಬಂತು. ತಣ್ಣನೆಯ ಗಾಳಿ ಗಂಟಲಿಗೆ ಹೋದರೆ ಕೆಮ್ಮು, ಬಾಯಿ ಮುಚ್ಚಿದರೆ ಉಸಿರಿಲ್ಲ. ಸ್ವಲ್ಪ ಓಡು, ಸ್ವಲ್ಪ ನಡೆ, ಮರ ಹಿಡಿದುಕೊಂಡು ಸ್ವಲ್ಪ ಬೈದುಕೋ. ಸಮೀ ಎಂದು ಕೂಗಿದರೆ ಕಾಡು ಸುಮ್ಮನಿತ್ತು. ಹಿಮ ಬಿದ್ದ ಕಾಡಿನಲ್ಲಿ ಕೂಗು ದೂರ ಹೋಗುವುದಿಲ್ಲ, ಹತ್ತಿಯೊಳಗೆ ಹೇಳಿದ ಹಾಗೆ. ಏರು ಹತ್ತುವಾಗ ಎರಡು ಸಲ ಮೊಣಕಾಲೂರಿದೆ. ನಲವತ್ನಾಲ್ಕು ವರ್ಷದ ಮನುಷ್ಯ, ಎರಡೂವರೆ ಕಿಲೋಮೀಟರ್ ಹೋಗಲು ಅರ್ಧ ಗಂಟೆ ತಗೊಂಡೆ.

ಏರಿನ ತುದಿಯಲ್ಲಿ ಕಾಡು ಮುಗಿದು ದ್ರಾಕ್ಷಿ ತೋಟ ಶುರುವಾಗುತ್ತದೆ. ಎಲೆ ಉದುರಿದ ಬಳ್ಳಿಗಳ ಸಾಲು, ಕೆಳಗೆ ಕಣಿವೆಯಲ್ಲಿ ಊರು. ಅಲ್ಲಿ ದಾರಿಯ ಬದಿಗೆ, ಹಿಮವನ್ನು ಕಾಲಿನಿಂದ ಸರಿಸಿ, ಜಾಕೆಟ್ ಹಾಸಿ, ಸಮೀ ನಮಾಜಿಗೆ ನಿಂತಿದ್ದ.

ನನಗೆ ಅರ್ಥವಾಯಿತು. ಪ್ರತಿ ವರ್ಷ ಓಟ ಮುಗಿಸಿ, ಸಂಗೀತ ಬಡಿಯುತ್ತಿರುವಾಗ, ಎರಡು ಕಾರುಗಳ ಸಂದಿಯಲ್ಲಿ ಗಡಿಬಿಡಿಯಲ್ಲಿ ಮಧ್ಯಾಹ್ನದ ನಮಾಜು ಮಾಡುತ್ತಿದ್ದ. ಈ ಸಲ ಬೇಕಾದಷ್ಟು ಸಮಯ ಮಿಕ್ಕಿದೆಯಲ್ಲ, ಒಳ್ಳೇ ಜಾಗ ಸಿಕ್ಕಿದೆಯಲ್ಲ, ನೆಮ್ಮದಿಯಾಗಿ ಮಾಡೋಣ ಎಂದು ನಿಂತಿದ್ದಾನೆ. ಆ ಸಮಯವನ್ನು ಅವನಿಗೆ ಕೊಟ್ಟವನು ನಾನು, ಇಲ್ಲದ ಸಮಯವನ್ನು.

ಗಡಿಯಾರ ನೋಡಿದೆ, ಒಂದು ಮೂವತ್ತೆರಡು. ಇನ್ನು ಮೂರು ಕಿಲೋಮೀಟರ್. ಈಗಲೇ ಹೊರಟರೆ ಆಗುತ್ತದೆ. ಆದರೆ ನಮಾಜಿಗೆ ನಿಂತವನನ್ನು ಮಾತಾಡಿಸುವ ಹಾಗಿಲ್ಲ, ಮುಂದೆ ಹಾದುಹೋಗುವ ಹಾಗಿಲ್ಲ. ಹನ್ನೊಂದು ವರ್ಷ ಅವನ ನಮಾಜಿನ ಹೊತ್ತಿಗೆ ಆಫೀಸಿನ ಮೀಟಿಂಗ್ ರೂಮಿನ ಬಾಗಿಲು ಕಾದಿದ್ದೇನೆ, ನನಗೆ ಅಷ್ಟು ಗೊತ್ತಿಲ್ಲವೆ? ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ನಿಂತೆ. ಏದುಸಿರು ಕೇಳಿಸಬಾರದೆಂದು ಕೈಗವಸಿನಿಂದ ಬಾಯಿ ಮುಚ್ಚಿಕೊಂಡೆ. ಬಗ್ಗಿದ, ಎದ್ದ, ಹಣೆ ಊರಿದ. ಒಂದು ಮೂವತ್ತಮೂರು. ಮತ್ತೆ ಎದ್ದು ನಿಂತ. ಸಮೀಯ ನಮಾಜೂ ಸಮೀಯ ಹಾಗೆಯೇ, ಒಂದಿಷ್ಟೂ ಅವಸರವಿಲ್ಲ. ಒಂದು ಮೂವತ್ತೈದು. ಬೇಗ ಆಗಲಿ ಎಂದು ಕೇಳಿಕೊಳ್ಳೋಣವೆಂದರೆ ಯಾವ ದೇವರನ್ನು ಕೇಳುವುದು? ಅವನು ಯಾರ ಮುಂದೆ ಕೂತಿದ್ದನೋ ಆ ದೇವರನ್ನೇ ಕೇಳಿಕೊಂಡೆ. ಒಂದು ಮೂವತ್ತೇಳಕ್ಕೆ ಕೂತಲ್ಲೇ ಬಲಕ್ಕೆ ಮುಖ ತಿರುಗಿಸಿದ. ಎಡಕ್ಕೆ ತಿರುಗಿಸಿದಾಗ ನಾನು ಅವನ ಕಣ್ಣಿಗೆ ಬಿದ್ದೆ.

"ಐದೂವರೆ ಗುರು! ಎರಡಲ್ಲ, ಐದೂವರೆ! ಇನ್ನೂ ಮೂರು ಇದೆ, ಇಪ್ಪತ್ತಮೂರು ನಿಮಿಷ ಇದೆ, ಓಡು!"

ಒಂದು ಗಳಿಗೆ ನನ್ನನ್ನೇ ನೋಡಿದ. ಜಾಕೆಟ್ ಎತ್ತಿ ಸೊಂಟಕ್ಕೆ ಬಿಗಿದು ಹೊರಟ. ಸಮೀ ಹಾಗೆ ಓಡಿದ್ದನ್ನು ನಾನು ಕಂಡೇ ಇರಲಿಲ್ಲ. ಇಳಿಜಾರಿನಲ್ಲಿ ಬಳ್ಳಿಗಳ ನಡುವೆ ಹಳದಿ ಟೋಪಿ ಕುಣಿಯುತ್ತ ಹೋಯಿತು. ನಾನೂ ಹಿಂದೆ ಬಿದ್ದೆ. ಯಾಕೆ ಬಿದ್ದೆನೋ, ನನ್ನಿಂದ ಆಗಬೇಕಾದದ್ದೇನೂ ಇರಲಿಲ್ಲ. ಸ್ವಲ್ಪ ದೂರದಲ್ಲೇ ಕಲ್ಲಿನ ಮೆಟ್ಟಿಲ ಮೇಲೆ ಐಸಿಗೆ ಕಾಲು ಜಾರಿ ಬೆನ್ನಡಿಯಾಗಿ ಬಿದ್ದೆ. "ಅಮ್ಮಾ" ಅಂದದ್ದು ಅವನಿಗೆ ಕೇಳಿಸಿಬಿಟ್ಟಿತು. ನಿಂತ.

"ಬರ್ಬೇಡ ಗುರು! ಏನಾಗಿಲ್ಲ, ಹೋಗು!"

ಬಂದ. ಇಪ್ಪತ್ತು ಹೆಜ್ಜೆ ಮೇಲೆ ಹತ್ತಿ ಬಂದು, ಕಂಕುಳಿಗೆ ಕೈ ಹಾಕಿ ನನ್ನನ್ನು ಎತ್ತಿ ನಿಲ್ಲಿಸಿ, "ಕಾಲು ಊರಕ್ಕಾಗುತ್ತಾ?" ಎಂದು ಕೇಳಿ, ನಾನು ಊರಿ ತೋರಿಸಿದ ಮೇಲೆಯೇ ಹೋದ. ನನಗೆ ಅಳು ಬಂತು. ಚಳಿಗೆ ಕಣ್ಣು ಹೇಗೂ ಒದ್ದೆಯಾಗಿದ್ದುದರಿಂದ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ.

ಕೊನೆಯ ಮೆಟ್ಟಿಲಿನಿಂದ ಕೆಳಗಿನ ಹುಲ್ಲುಗಾವಲು ಪೂರ್ತಿ ಕಾಣುತ್ತದೆ. ಗೆರೆಯ ಹತ್ತಿರ ಉಳಿದಿದ್ದವರು ಏಳೆಂಟು ಜನ. ಸದಫ್ ಫೋನ್ ಹಿಡಿದು, ಕುಣಿಯುತ್ತ, ಜರ್ಮನ್‌ನಲ್ಲಿ ಸೆಕೆಂಡು ಎಣಿಸುತ್ತಿದ್ದಳು. ಹದಿನೈದು ವರ್ಷದ ಹುಡುಗಿ, ಅಪ್ಪನ ಜೊತೆ ಬೀದಿಯಲ್ಲಿ ನಡೆಯಲೂ ನಾಚುವವಳು, ಗಂಟಲು ಹರಿಯುವ ಹಾಗೆ ಕಿರುಚುತ್ತಿದ್ದಳು. ಹತ್ತು, ಒಂಬತ್ತು, ಎಂಟು. ಸಮೀ ಇನ್ನೂ ಹುಲ್ಲುಗಾವಲಿನ ನಡುವೆ ಇದ್ದ. ಮೂರು, ಎರಡು, ಒಂದು. ಆಮೇಲೆ ಎಣಿಸುವುದನ್ನು ನಿಲ್ಲಿಸಿದಳು. ಅವನು ಓಡುವುದನ್ನು ನಿಲ್ಲಿಸಲಿಲ್ಲ.

ನಾನು ಕುಂಟುತ್ತ ತಲುಪುವ ಹೊತ್ತಿಗೆ ಅವನು ಮೊಣಕಾಲಿನ ಮೇಲೆ ಕೈಯಿಟ್ಟು ಬಗ್ಗಿ ನಿಂತಿದ್ದ. ಸಮಯ ಬರೆಯುವ ಫ್ರಾವ್ ಎಬರ್ಲೆ, ಎಪ್ಪತ್ತು ದಾಟಿದ ಹೆಂಗಸು, ಒಂದು ಕೈಯಲ್ಲಿ ಸ್ಟಾಪ್‌ವಾಚು, ಇನ್ನೊಂದರಲ್ಲಿ ಪುಸ್ತಕ ಹಿಡಿದು ಅವನ ಮುಂದೆ ನಿಂತಿದ್ದಳು. ಐದು ವರ್ಷದಿಂದ ಇವನಿಗಾಗಿ ಕಾಯುತ್ತಿದ್ದವಳು ಅವಳೇ.

"ನಾಲ್ಕು ಗಂಟೆ, ಐವತ್ತೆರಡು ಸೆಕೆಂಡ್" ಅಂದಳು. ಆ ಕಡೆ ಈ ಕಡೆ ನೋಡಿ, ಧ್ವನಿ ತಗ್ಗಿಸಿ, "ನಿಮ್ಮ ಹಿಂದೆ ಯಾರೂ ಇಲ್ಲ. ಮೂರು ಐವತ್ತೊಂಬತ್ತು ಎಂದು ಬರೆದರೆ ಯಾರಿಗೂ ನಷ್ಟವಿಲ್ಲ. ಬರೆಯಲೆ?" ಎಂದು ಕೇಳಿದಳು.

"ಬರೆಸ್ಕೋ ಗುರು" ಎಂದು ನಾನು ಬಾಯಿ ಹಾಕಿದೆ. "ಇಷ್ಟು ವರ್ಷದ ಕಷ್ಟ ಕಣೋ. ಕೈ ಮುಗೀತೀನಿ, ಬರೆಸ್ಕೋ."

ಸಮೀ ಮಗಳ ಕಡೆ ನೋಡಿದ. ಅವನು ನೆಟ್ಟಗೆ ನಿಂತು, "ನಿಮ್ಮ ವಾಚಿನಲ್ಲಿ ಎಷ್ಟಿದೆಯೋ ಅಷ್ಟು ಬರೆಯಿರಿ" ಅಂದ.

"ಪಟ್ಟಿಗೆ ಬರುವುದಿಲ್ಲ."

"ಗೊತ್ತು."

ಅವಳು ಬರೆದಳು. ಅಂಕಿ ಬದಲಾಯಿಸಲೇ ಎಂದು ಆಕೆ ಅವನನ್ನು ಒಂದು ಮಾತು ಕೇಳಿದಳಲ್ಲ, ನಾನು ಕೇಳದೆಯೇ ಬದಲಾಯಿಸಿದ್ದೆ; ಅದು ನೆನಪಾಗಿ ನನಗೆ ಅಲ್ಲೇ ನೆಲ ಬಿರಿಯಬಾರದೆ ಅನ್ನಿಸಿತು. ಬೂಟಿನ ದಾರ ಬಿಚ್ಚಲು ಸಮೀಯ ಬೆರಳು ಚಳಿಗೆ ಬಗ್ಗುತ್ತಿರಲಿಲ್ಲ. ನಾನು ಬಗ್ಗಲು ಹೋದೆ, ಕಾಲು ಹಿಂದಕ್ಕೆಳೆದುಕೊಂಡ. ಮಗಳು ಕೂತು ಬಿಚ್ಚಿದಳು.

"ಐದೂವರೆ ಅಂದಿದ್ರೆ ಐದೂವರೆ ಓಡ್ತಿದ್ದೆ ಯತಿ" ಅಂದ. "ಕಾಲಲ್ಲಿ ಇತ್ತು." ನಾನು ಏನೋ ಹೇಳಲು ಬಾಯಿ ತೆರೆದೆ. ಕೈಯೆತ್ತಿ ತಡೆದ. "ಈಗ ಬೇಡ. ಈಗ ತುಂಬಾ ಕೋಪ ಇದೆ. ನಾಳೆಯೂ ಮಾತಾಡಿಸ್ಬೇಡ. ಮಂಗಳವಾರ ಮಾತಾಡ್ಸು."

ಸೋಮವಾರ ಎಂಟೂವರೆ ಗಂಟೆ ಕಾಲ ಎದುರುಬದುರು ಕೂತು ಇಬ್ಬರೂ ಒಂದು ಮಾತೂ ಆಡಲಿಲ್ಲ. ಮೇಜಿನ ಮೇಲಿಂದ ಫೈಲು ಸರಿಸಿದ, ತಗೊಂಡೆ. ಅಷ್ಟೇ. ಮನೆಗೆ ಬಂದರೆ ನಿಶ್ಚಿತಾ, "ಅವರ ಜಾಗದಲ್ಲಿ ನಾನಿದ್ದಿದ್ರೆ ಮಂಗಳವಾರ ಅಲ್ಲ, ಯುಗಾದಿವರೆಗೂ ಮಾತಾಡ್ತಿರ್ಲಿಲ್ಲ" ಎಂದು ಉಪ್ಪು ಸವರಿದಳು.

ಮಂಗಳವಾರ ಅವನು ಬರುವ ಮೊದಲೇ ಹೋಗಿ ಕೂತಿದ್ದೆ. ಬಂದ, ಕೋಟು ನೇತುಹಾಕಿದ, ಕಂಪ್ಯೂಟರ್ ಹಾಕಿದ. ನಾನು ಬಾಯಿ ತೆರೆಯುವ ಮೊದಲು ಅವನೇ ಶುರು ಮಾಡಿದ. ಸಮಾಧಾನವಾಗಿದ್ದ.

"ನಾನು ಯೋಚನೆ ಮಾಡ್ದೆ" ಅಂದ. "ಈ ಸಲ ರೂಟ್ ಬದಲಾಗಿತ್ತಂತೆ. ಪ್ರತಿ ವರ್ಷ ಅಲ್ಲಿಂದ ಎರಡೇ ಇರ್ತಿತ್ತು. ನೀನು ಹಳೇ ಲೆಕ್ಕದಲ್ಲಿ ಹೇಳಿರ್ತೀಯ. ನಿನಗೆ ಗೊತ್ತಿರಲಿಲ್ಲ. ಅಲ್ವಾ?"

ಹೌದು ಅಂದಿದ್ದರೆ ಮುಗಿಯುತ್ತಿತ್ತು. ಅವನು ಬಾಗಿಲು ತೆರೆದಿಟ್ಟು, ನಾನು ದಾಟಲಿ ಎಂದು ಕಾಯುತ್ತಿದ್ದ. ಎರಡು ದಿನ ಕೂತು ನನಗಾಗಿ ಆ ದಾರಿ ಹುಡುಕಿದ್ದಾನೆ.

"ಗೊತ್ತಿತ್ತು" ಅಂದೆ. "ಬೆಳಿಗ್ಗೆನೇ ಹೇಳಿದ್ರು. ನಿನ್ನ ಮುಖ ನೋಡ್ದೆ. ಐದೂವರೆ ಅಂದ್ರೆ ಅಲ್ಲೇ ಕೂತ್ಬಿಡ್ತೀಯ ಅನ್ನಿಸ್ತು. ನಿನ್ನ ಕೈಲಾಗಲ್ಲ ಅಂದ್ಕೊಂಡೆ. ತಪ್ಪಾಯ್ತು ಸಮೀ."

ಅವನು ಕೀಬೋರ್ಡನ್ನು ಪಕ್ಕಕ್ಕೆ ಸರಿಸಿದ.

"ಆಗ್ತಿತ್ತು" ಅಂದ.

"ಆಗ್ತಿತ್ತು ಗುರು" ಅಂದೆ.

ಹ್ಞೂಂ ಎಂದು ತಲೆಯಾಡಿಸಿದ. ಆಮೇಲೆ ಇಬ್ಬರೂ ಕೆಲಸಕ್ಕೆ ಕೂತೆವು.